ಸರ್ವೆ ತೋಪಿನ ಸುತ್ತಳತೆ

ಶಿರಾದಲ್ಲಿ ಕಬರ್ ತೋಡುವ ಖಲೀಲುಲ್ಲಾ ಎಂದರೆ ಎರಡನೇ ಸಲ ಗುರುತು ಹೇಳಬೇಕಾಗಿರಲಿಲ್ಲ. ಕಬರಸ್ತಾನದ ಗೋಡೆಗೆ ಒತ್ತಿಕೊಂಡೇ ಅವನ ಮನೆ. ಅಜ್ಜ ತೋಡಿದ, ಅಪ್ಪ ತೋಡಿದ, ಈಗ ಇವನ ಸರದಿ. ಆದರೆ ಊರವರು ಸಾಯುವುದನ್ನೇ ನಂಬಿ ಮನೆಯಲ್ಲಿ ಒಲೆ ಹಚ್ಚಲಾದೀತೇ ಸ್ವಾಮಿ? ಊರಿಗೆ ಕಾಯಿಲೆ ಬರಲಿ ಎಂದು ಹಾರೈಸುವ ಪೈಕಿಯವನೂ ಅವನಲ್ಲ. ಹಾಗಾಗಿ ಮಿಕ್ಕ ದಿನ ಕೂಲಿಗೆ ಹೋಗುತ್ತಿದ್ದ. ಐವತ್ತೊಂದನೆಯ ಇಸವಿಯಲ್ಲಿ ಗೌಡಗೆರೆ ಕಡೆಯ ಹಳ್ಳದ ದಂಡೆಯ ಮರಳಿನಲ್ಲಿ ಸರ್ಕಾರದವರು ಸರ್ವೆ ಮರದ ತೋಪು ಎಬ್ಬಿಸಲು ಹೊರಟಾಗ, ಸಸಿಗುಂಡಿ ತೆಗೆಯಲು ಮೊದಲು ಕರೆದದ್ದು ಅವನನ್ನೇ.

ಆ ತೋಪಿಗೆ ಗಾರ್ಡಾಗಿ ಬಂದವನು ಪಾಲಣ್ಣ, ಪಕ್ಕದ ಹಟ್ಟಿಯವನು. ಖಲೀಲುಲ್ಲಾನಿಗಿಂತ ಹತ್ತು ವರ್ಷ ಚಿಕ್ಕವನು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಸಸಿ ನೆಟ್ಟ ಮೊದಲ ಬೇಸಿಗೆಗಳಲ್ಲಿ ಹಳ್ಳದ ಮರಳಲ್ಲಿ ಚಿಲುಮೆ ತೋಡಿ, ಕೂಲಿಯವರ ಜೊತೆ ತಾನೂ ಕೊಡ ಹೊತ್ತು ನೀರು ಹಾಕಿದ. ಗಾರ್ಡು ಕೊಡ ಹೊರಬೇಕೆಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಮೇಕೆ ನುಗ್ಗಿದರೆ ಸ್ವಂತ ಮಾವನ ಮೇಕೆಯೆಂದೂ ನೋಡದೆ ದೊಡ್ಡಿಗೆ ಹೊಡೆದ. ಮಾವ ವರ್ಷಗಟ್ಟಲೆ ಮಾತು ಬಿಟ್ಟ. ಬಿಟ್ಟರೆ ಬಿಡಲಿ ಎಂದ ಪಾಲಣ್ಣ.

“ಖಲೀಲಣ್ಣ, ನೀನು ತೋಡೋ ಗುಂಡಿಗಳಲ್ಲಿ ಇವು ಮಾತ್ರ ಮ್ಯಾಕ್ಕೆ ಎದ್ದು ಬರ್ತವೆ ಕಣಣ್ಣೋ!” ಎಂದು ಸಾಲಿನ ಆ ತುದಿಯಿಂದ ಕೂಗುತ್ತಿದ್ದ.

“ನಿನ್ ಬಾಯಿಗೊಂದು ಗುಂಡಿ ತೋಡ್ತೀನಿ ಇರು” ಎಂದು ಖಲೀಲುಲ್ಲಾ ಈ ತುದಿಯಿಂದ ಗದರುತ್ತಿದ್ದ.

ಹೀಗೆ ಹತ್ತು ವರ್ಷ. ಸರ್ವೆ ಬೆಳೆಯಿತು. ಎಲೆಯಿದೆಯೋ ಇಲ್ಲವೋ ಎನ್ನುವಂಥ ಸೂಜಿಸೂಜಿ ಎಲೆ, ನೆಟ್ಟಗೆ ನಿಂತ ಬೊಡ್ಡೆ, ಗಾಳಿ ಬಂದರೆ ಸುಯ್ಯೆನ್ನುವ ಸದ್ದು. ನೋಡಲು ಚಳಿನಾಡಿನ ಪೈನ್ ಮರದ ತಮ್ಮನ ಹಾಗಿದೆ ಎಂದು ಒಬ್ಬ ಸಾಹೇಬರು ಹೇಳಿದ್ದರಂತೆ. ಪಾಲಣ್ಣನಿಗೆ ಪೈನೂ ಗೊತ್ತಿಲ್ಲ, ಚಳಿನಾಡೂ ಗೊತ್ತಿಲ್ಲ. ಆದರೂ ಹಟ್ಟಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದ.

ಮರಗಳಿಗೆ ಹತ್ತು ವರ್ಷವಾದ ಮೇಲೆ ಸೌದೆಗೆ ಕಡಿಯುವುದೆಂದು ತೀರ್ಮಾನವಾಯಿತು. ಕಡಿಯುವ ಮೊದಲು, ತೋಪಿನಲ್ಲಿ ಎಷ್ಟು ಸೌದೆ ನಿಂತಿದೆ ಎಂಬ ಲೆಕ್ಕ ಬೇಕು. ನಿಂತ ಮರವನ್ನು ತಕ್ಕಡಿಗೆ ಹಾಕಲು ಬರುವುದಿಲ್ಲವಲ್ಲ! ಆದ್ದರಿಂದ ಎದೆಮಟ್ಟದಲ್ಲಿ ಬೊಡ್ಡೆಯ ಸುತ್ತಳತೆ ತೆಗೆಯುವುದು, ಎತ್ತರ ಅಂದಾಜು ಮಾಡುವುದು. ಇಷ್ಟು ದಪ್ಪ, ಇಷ್ಟು ಎತ್ತರದ ಸರ್ವೆಯಲ್ಲಿ ಇಷ್ಟು ತೂಕವಿರುತ್ತದೆ ಎಂದು ಇಲಾಖೆಯ ಪಟ್ಟಿ ಹೇಳುತ್ತದೆ. ಯಾವುದೋ ಬೇರೆ ತೋಪಿನಲ್ಲಿ ಮರ ಕಡಿದು, ಕಾಂಡ ಬೇರೆ, ಕೊಂಬೆ ಬೇರೆ, ಎಲೆ ಬೇರೆ ತೂಗಿ ಮಾಡಿದ ಪಟ್ಟಿ ಅದು. ಪಟ್ಟಿಯಲ್ಲಿ ತಪ್ಪಿರಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ.

ಅಳತೆಗೆ ಬಂದವರು ಫಾರೆಸ್ಟರ್ ನಂದೀಶ್ವರಯ್ಯ. ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. ಮೇಲಿನವರ ಜೀಪಿನ ಸದ್ದು ಕೇಳಿದರೆ ಸಾಕು, ಉಂಡದ್ದು ಅರಗುತ್ತಿರಲಿಲ್ಲ. ಮೊದಲ ದಿನ ಬೆಳಿಗ್ಗೆಯೇ ಹಳೆಯ ಬಟ್ಟೆಯ ಟೇಪು ಸರ್ವೆಯ ಒರಟು ತೊಗಟೆಗೆ ಸಿಕ್ಕಿ ಪರ್ ಎಂದು ಹರಿಯಿತು. ಹೊಸದು ಕೊಡಿ ಎಂದು ಬರೆದು ಅದು ಬರುವ ಹೊತ್ತಿಗೆ ಯುಗಾದಿಯೇ ಆಗಿಹೋದೀತು. ನಂದೀಶ್ವರಯ್ಯ ತಲೆ ಮೇಲೆ ಕೈ ಹೊತ್ತು ಕೂತರು. “ದಾರವಾದರೂ ಇದೆಯೇನ್ರೋ ಯಾರ ಹತ್ರಾದ್ರೂ?”

ಖಲೀಲುಲ್ಲಾ ಜೇಬಿಗೆ ಕೈ ಹಾಕಿದ. ಅವನ ಜೇಬಿನಲ್ಲಿ ಯಾವಾಗಲೂ ಒಂದು ನೂಲಿನ ಹುರಿ ಇರುತ್ತಿತ್ತು. ಅದು ಯಾತಕ್ಕೆಂದು ನಂದೀಶ್ವರಯ್ಯ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಹಳ್ಳಕ್ಕಿಳಿದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಸತ್ತವರನ್ನು ತಲೆಯಿಂದ ಕಾಲವರೆಗೆ ಅಳೆದು, ಆ ಅಳತೆಗೆ ಕಬರ್ ತೋಡುವ ಹುರಿ ಅದು. ಪಾಲಣ್ಣನಿಗೆ ಗೊತ್ತಿತ್ತು.

“ಅಯ್ಯೋ ಪುಣ್ಯಾತ್ಮ, ನನ್ ಮರಗಳಿಗೆ ಆ ಹುರಿ ಸುತ್ತೀಯೇನಣ್ಣ?” ಎಂದು ಕಿವಿಯಲ್ಲಿ ಪಿಸುಗುಟ್ಟಿದ.

“ಹೆಂಗೂ ಕಡಿಯೋ ಮರಾನೇ, ಸುಮ್ಕಿರು.”

ಕೆಲಸ ಸಾಗಿತು. ಖಲೀಲುಲ್ಲಾ ಹುರಿಯನ್ನು ಮರಕ್ಕೆ ಸುತ್ತಿ, ತುದಿ ಬಂದು ಕೂಡುವ ಕಡೆ ಹೆಬ್ಬೆರಳಿನಿಂದ ಅದುಮಿ ಹಿಡಿದು, ಅಂಗುಲ ಗುರುತು ಮಾಡಿದ ಕೋಲಿನ ಮೇಲೆ ಚಾಚುತ್ತಿದ್ದ. ನಂದೀಶ್ವರಯ್ಯ ಓದಿ ಬರೆದುಕೊಳ್ಳುತ್ತಿದ್ದರು. ಅದೇ ಅಂಕೆಯನ್ನು ಪಾಲಣ್ಣ ಡಾಂಬರಿನಲ್ಲಿ ಮರದ ಮೈಮೇಲೆ ಬರೆಯುತ್ತಿದ್ದ, ಒಂದು ಮರವನ್ನೇ ಎರಡು ಸಲ ಅಳೆಯದಿರಲಿ ಎಂದು. ತೋಪಿನ ಒಂದು ಮರವನ್ನೂ ಬಿಡಲಿಲ್ಲ. ಕೊನೆಯಲ್ಲಿ ಲೆಕ್ಕ ನೋಡಿ ನಂದೀಶ್ವರಯ್ಯನವರೇ ಹುಬ್ಬೇರಿಸಿದರು. ಈ ಬರಡು ಮರಳಿನಲ್ಲಿ ಇಷ್ಟೊಂದು ಸೌದೆಯೇ! ಪಾಲಣ್ಣನಿಗೆ ಎದೆ ಉಬ್ಬಿತು.

ಮಾಗಿ ಕಳೆದ ಮೇಲೆ ಕೊಡಲಿ ಬಿತ್ತು. ಹಳ್ಳದ ದಂಡೆ ಕೊಚ್ಚಿಹೋಗಬಾರದೆಂದು ನೀರಿನ ಕಡೆಯ ಒಂದು ಸಾಲು ಬಿಟ್ಟು ಮಿಕ್ಕದ್ದೆಲ್ಲ ನೆಲಕ್ಕೊರಗಿತು. ಗಾಡಿಯ ಮೇಲೆ ಗಾಡಿ ಸೌದೆ ಹೇರಿಕೊಂಡು ಹೋಗಿ ತೂಕಕ್ಕೆ ನಿಂತಿತು. ತೂಗಿ ಮುಗಿದಾಗ ನಂದೀಶ್ವರಯ್ಯ ಬೆವೆತುಹೋದರು. ಬಿಟ್ಟ ಸಾಲಿನದನ್ನು ಲೆಕ್ಕದಿಂದ ಕಳೆದರೂ ಆರರಲ್ಲಿ ಒಂದು ಪಾಲು ಸೌದೆ ಇಲ್ಲ!

ಇಲ್ಲ ಎಂದರೆ ಎಲ್ಲಿ ಹೋಯಿತು? ತೋಪು ಕಾಯುತ್ತಿದ್ದವನು ಯಾರು? ಕೇಳಲು ಇನ್ನೇನು ಉಳಿಯಿತು ಹೇಳಿ. ಹಿಂದಿನ ವರ್ಷವಷ್ಟೇ ಪಾಲಣ್ಣ ತನ್ನ ದನದ ಕೊಟ್ಟಿಗೆಗೆ ಹೊಸ ಸರ್ವೆ ಗಳ ಹಾಕಿಸಿದ್ದ. ಶಿರಾದಲ್ಲಿ ಕೊಂಡು, ಗಾಡಿಯಲ್ಲಿ ತಂದ ಗಳ. ತರುವಾಗ ಇಡೀ ಹಟ್ಟಿ ನೋಡಿತ್ತು. ಈಗ ಒಬ್ಬರಿಗೂ ನೆನಪಿಲ್ಲ. ಮಾತು ಬಿಟ್ಟಿದ್ದ ಮಾವನಂತೂ, ನನ್ನ ಮೇಕೆ ಹಿಡಿದ ಧರ್ಮರಾಯ ಇವನೇ ನೋಡಿ ಎಂದು ಬೀದಿಯಲ್ಲಿ ನಿಂತು ಕೈ ತೋರಿಸಿದ. ಥೂ, ಇವರ ನಾಲಿಗೆಗೆ ಎಲುಬಿಲ್ಲ.

“ಒಂದು ಚಕ್ಕೆ ಮುಟ್ಟಿದ್ರೆ ನನ್ ಕೈ ಸೇದೋಗ್ಲಿ ಸ್ವಾಮಿ” ಎಂದು ಪಾಲಣ್ಣ ನಂದೀಶ್ವರಯ್ಯನವರ ಕಾಲಿಗೆ ಬಿದ್ದ. ಅವರೇನು ಮಾಡಿಯಾರು? ಖಾಕಿ ಬಿಚ್ಚಿಸಿಕೊಂಡರು. ಬೇಸಿಗೆಯಲ್ಲಿ ಮಧುಗಿರಿಯಿಂದ ದೊಡ್ಡ ಸಾಹೇಬರು ವಿಚಾರಣೆಗೆ ಬರುತ್ತಾರೆ, ಅಲ್ಲಿಯವರೆಗೆ ಮನೆಯಲ್ಲಿರು ಎಂದರು. ವಿಚಾರಣೆಯಲ್ಲಿ ಕಳ್ಳನೆಂದಾದರೆ ಕೆಲಸ ಹೋಗುತ್ತದೆ, ಜೈಲೂ ಆಗುತ್ತದೆ. ಪಾಲಣ್ಣನಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಕೊಡ ಹೊತ್ತು ಬೆಳೆಸಿದ ಮರವನ್ನೇ ಕದ್ದು ಮಾರಿದ ಎಂಬ ಹೆಸರು ಅವನ ಮಕ್ಕಳ ಬೆನ್ನಿಗೂ ಅಂಟುತ್ತಿತ್ತು.

ಖಲೀಲುಲ್ಲಾನ ಮನಸ್ಸು ಏನೆಂದಿತು? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಅವನೂ ನಂಬಿದ. ಮೊದಲು ಛೇ ಛೇ ಎಂದ. ಆಮೇಲೆ ಯೋಚಿಸಿದ. ಒಂದೊಂದು ಮರಕ್ಕೂ ಹುರಿ ಸುತ್ತಿದವನು ತಾನು. ಸತ್ತವರ ವಿಷಯದಲ್ಲೇ ತಪ್ಪದ ಕೈ ಮರದ ವಿಷಯದಲ್ಲಿ ತಪ್ಪೀತೇ? ಅಳತೆ ಸರಿಯೆಂದ ಮೇಲೆ ಮರ ಹೋಗಿರಲೇಬೇಕು. ಹಗಲೂ ರಾತ್ರಿ ಅಲ್ಲಿದ್ದವನು ಪಾಲಣ್ಣ ಒಬ್ಬನೇ. ಮನುಷ್ಯನಿಗೆ ಯಾವ ಹೊತ್ತಿನಲ್ಲಿ ಏನು ಕಷ್ಟವೋ, ಯಾರು ಕಂಡರು ಎಂದುಕೊಂಡ. ತನ್ನ ಕೈಯ ಮೇಲೆ ಅಷ್ಟು ನಂಬಿಕೆ. ಹತ್ತು ವರ್ಷದ ಗೆಳೆಯನ ಮೇಲೆ ಇಷ್ಟೂ ಇಲ್ಲ.

ಶಿರಾ ಸಂತೆಯಲ್ಲಿ ಒಂದು ದಿನ ಪಾಲಣ್ಣ ಎದುರಾದ. ಖಾಕಿಯಿಲ್ಲದೆ, ಮಾಸಿದ ಪಂಚೆಯಲ್ಲಿ, ಕೆನ್ನೆ ಒಳಕ್ಕೆ ಹೋಗಿ ಬೇರೆ ಯಾರೋ ಎನ್ನುವಂತಿದ್ದ. “ಖಲೀಲಣ್ಣಾ! ಓ ಖಲೀಲಣ್ಣಾ!” ಎಂದು ಕೂಗಿದ. ಖಲೀಲುಲ್ಲಾ ಕಡಲೆಕಾಯಿ ಚೀಲಗಳ ಸಂದಿಯಲ್ಲಿ ನುಸುಳಿ, ಕೇಳಿಸದವನ ಹಾಗೆ ಹೊರಟುಹೋದ.

ಬೇಸಿಗೆ ಏರಿತು. ಪಾತ್ರೆಗೆ ಕಲಾಯಿ ಹಾಕುವ ಕಲಂದರ್ ಸಾಬಿ ತೀರಿಕೊಂಡರು. ಆರಡಿ ಮೀರಿದ ಆಳು. ಖಲೀಲುಲ್ಲಾ ಅವರ ಮನೆಗೆ ಹೋಗಿ, ಮುಚ್ಚಿದ ಬಟ್ಟೆಯ ಮೇಲೆ ತಲೆಯಿಂದ ಪಾದದವರೆಗೆ ಹುರಿ ಹಿಡಿದು, ಹೆಬ್ಬೆರಳಿನಿಂದ ಅದುಮಿಕೊಂಡು ಹೊರಗೆ ಬಂದ. ಕಲಂದರ್ ಸಾಬಿಯ ಮಗ ಜಹೀರ್ ಅಹಮದ್, ಮೂವತ್ತರ ಗಂಡಸು, ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

“ಚಾಚಾ, ಅಬ್ಬಾ ಎತ್ತರದ ಆಳು. ಕಾಲು ಮಡಚೋ ಹಾಗೆ ಆಗಬಾರದು.”

“ನಮ್ಮ ಮನೆತನದಲ್ಲಿ ಯಾರಿಗೂ ಇಕ್ಕಟ್ಟು ಮಾಡಿ ತೋಡಿಲ್ಲ ಬೇಟಾ” ಎಂದು ಖಲೀಲುಲ್ಲಾ ಅವನ ಭುಜ ತಟ್ಟಿದ. “ಇಲ್ಲಿ ನೋಡು. ಪಾದ ಮುಗಿಯೋದು ಬೆರಳಿನ ಈ ಕಡೆ. ನಾವು ತೋಡೋದು ಬೆರಳಿನ ಆ ಕಡೆಗೆ. ಒಂದು ಹೆಬ್ಬೆರಳಗಲ ಯಾವಾಗ್ಲೂ ಜಾಸ್ತೀನೇ. ನಮ್ಮಪ್ಪ ಹೇಳಿಕೊಟ್ಟಿದ್ದು. ಈ ಹುರಿ ಹಿಡಿದ್ರೆ ನನ್ ಕೈ ಅದನ್ನ ಬಿಟ್ಟು ಬೇರೆ ಮಾಡೋದೇ ಇಲ್ಲ.”

ಆಡಿದ ಮಾತು ಅವನ ಕಿವಿಗೇ ಬಡಿಯಿತು. ಜಹೀರ್ ಅಹಮದ್ ಏನೋ ಕೇಳುತ್ತಿದ್ದ, ಕೇಳಿಸಲಿಲ್ಲ.

ಹೇಗೋ ಕಬರ್ ತೋಡಿದ, ಕಲಂದರ್ ಸಾಬಿಯನ್ನು ಮಣ್ಣಿಗಿಳಿಸಿ ಜನರೆಲ್ಲ ಹೋದರು. ಖಲೀಲುಲ್ಲಾ ಕಬರಸ್ತಾನದ ಬೇವಿನ ಮರದ ಹತ್ತಿರ ಹೋಗಿ ಹುರಿ ಸುತ್ತಿದ. ಯೋಚನೆ ಮಾಡದೆ, ತೋಪಿನಲ್ಲಿ ಸುತ್ತುತ್ತಿದ್ದ ಹಾಗೇ ಸುತ್ತಿದ. ಹೆಬ್ಬೆರಳು ತಾನಾಗಿಯೇ ಹುರಿಯ ತುದಿ ಬಂದು ಕೂಡುವ ಜಾಗವನ್ನು ದಾಟಿ ಕೂತಿತು. ಮತ್ತೆ ಸುತ್ತಿದ. ಮತ್ತೆ ಹಾಗೇ. ಒಂದೊಂದು ಮರಕ್ಕೂ ಒಂದೊಂದು ಅಂಗುಲ! ಇಲ್ಲದ ಸೌದೆಯನ್ನು ಬೆಳೆಸಿದವನು ತಾನೇ, ಅದನ್ನು ಪಾಲಣ್ಣ ಕದ್ದನೆಂದು ನಂಬಿದವನೂ ತಾನೇ. ಅವನು ಬೇವಿನ ಬುಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಹೆಂಡತಿ ರಹೀಮುನ್ನೀಸಾ ಗೋಡೆಯಾಚೆಯಿಂದ ಇಣುಕಿ ನೋಡಿ ಓಡಿಬಂದಳು. ಕಲಂದರ್ ಸಾಬಿಗಾಗಿ ಇಷ್ಟು ಅಳುತ್ತಾನೆಯೇ ಎಂದು ಅವಳಿಗೆ ಅನುಮಾನ. ಎಲ್ಲ ಕೇಳಿಸಿಕೊಂಡು ತಮ್ಮ ಮನೆಮಾತಿನಲ್ಲಿ ಶುರು ಹಚ್ಚಿದಳು: “ಅಲ್ಲಾ, ಮರಕ್ಕೂ ಕಾಲು ಚಾಚೋಕೆ ಜಾಗ ಬೇಕಿತ್ತೇನ್ರೀ? ಬುದ್ಧಿ ಎಲ್ಲಿ ಹೂತಿಟ್ಟಿದ್ರಿ?” ಅವನು ತಲೆ ಎತ್ತಲಿಲ್ಲ. ಅವಳ ದನಿ ತಗ್ಗಿತು.

“ಹೇಳಿದ್ರೆ ನಾಳೆಯಿಂದ ನಿಮ್ಮನ್ನ ಕೂಲಿಗೆ ಒಬ್ಬರೂ ಕರೆಯಲ್ಲ. ಮಯ್ಯತ್ ಹುರಿ ಹಿಡಿದು ಸರ್ಕಾರದ ಮರ ಅಳೆದೋನು ಅಂತ ಊರೆಲ್ಲ ನಗುತ್ತೆ.”

“ಗೊತ್ತು.”

“ಸುಳ್ಳು ಲೆಕ್ಕ ಕೊಟ್ಟೆ ಅಂತ ನಿಮ್ಮನ್ನೇ ಒಳಗೆ ಹಾಕಿದ್ರೂ ಹಾಕಿದ್ರೇ.”

“ಅದೂ ಗೊತ್ತು.”

“ಗೊತ್ತಿದ್ದೂ ಇನ್ನೂ ಕೂತಿದೀರಲ್ಲ!” ಎಂದು ಅವಳು ಕೈ ಹಿಡಿದು ಎಬ್ಬಿಸಿದಳು.

ವಿಚಾರಣೆ ಗೌಡಗೆರೆ ಚಾವಡಿಯಲ್ಲಿ. ಖಲೀಲುಲ್ಲಾ ಹೋಗುವ ಹೊತ್ತಿಗೆ ಸಾಹೇಬರು ಕುರ್ಚಿಯಲ್ಲಿದ್ದರು, ನಂದೀಶ್ವರಯ್ಯ ಪಕ್ಕದಲ್ಲಿ ನಿಂತಿದ್ದರು. ಪಾಲಣ್ಣ ಕಂಬದ ಹತ್ತಿರ ಕೈಕಟ್ಟಿ ನಿಂತಿದ್ದ. ಇವನನ್ನು ಕಂಡು ಮುಖ ತಿರುಗಿಸಿದ. ತನ್ನ ವಿರುದ್ಧ ಸಾಕ್ಷಿ ಹೇಳಲು ಬಂದಿದ್ದಾನೆ ಎಂದೇ ತಿಳಿದಿದ್ದ, ಪಾಪ.

ಖಲೀಲುಲ್ಲಾ ಹುರಿಯನ್ನು ಸಾಹೇಬರ ಮುಂದೆ ಮೇಜಿನ ಮೇಲಿಟ್ಟ. ಅದು ಎಂಥ ಹುರಿ, ಹೆಬ್ಬೆರಳು ಎಲ್ಲಿ ಕೂರುತ್ತದೆ, ಯಾಕೆ ಕೂರುತ್ತದೆ, ಎಲ್ಲ ಹೇಳಿದ. ಹುರಿ ಎಂಥದೆಂದು ಗೊತ್ತಾದ ಕೂಡಲೇ ಚಾವಡಿಯಲ್ಲಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ನಂದೀಶ್ವರಯ್ಯನವರ ಮುಖ ಸುಣ್ಣದ ಹಾಗಾಯಿತು.

“ಟೇಪಿನಲ್ಲಿ ಅಳೆದೆ ಅಂತ ವರದಿ ಕೊಟ್ಟಿದ್ದೀರಲ್ಲ ನಂದೀಶ್ವರಯ್ಯ?” ಎಂದರು ಸಾಹೇಬರು.

“ಟೇಪು... ಹರಿದುಹೋಗಿತ್ತು ಸಾರ್.”

ಸಾಹೇಬರು ಅವರನ್ನು ಬಿಟ್ಟು ಖಲೀಲುಲ್ಲಾನ ಕಡೆ ತಿರುಗಿದರು. “ಇಷ್ಟು ದಿನ ಸುಮ್ಮನಿದ್ದು ವಿಚಾರಣೆಯ ದಿನ ಬಂದಿದ್ದೀಯ. ಇವನು ನಿನ್ನ ಗೆಳೆಯ ಅಂತ ಊರೇ ಹೇಳುತ್ತೆ. ಬೆರಳನ್ನು ಈಗ ಎಲ್ಲಿ ಬೇಕಾದರೂ ಇಡಬಹುದಯ್ಯ. ಆವತ್ತು ಅಲ್ಲೇ ಇಟ್ಟಿದ್ದೆ ಅನ್ನೋದಕ್ಕೆ ಏನು ಸಾಕ್ಷಿ?”

“ನನ್ ಸಾಕ್ಷಿಯೆಲ್ಲ ಮಣ್ಣೊಳಗೆ ಮಲಗೈತೆ ಸಾಹೇಬ್ರೇ” ಎಂದ ಖಲೀಲುಲ್ಲಾ. “ನನ್ನೇ ಜೈಲಿಗೆ ಹಾಕಿ. ಈ ಮನುಷ್ಯ ಒಂದು ಕಡ್ಡೀನೂ ಮುಟ್ಟಿಲ್ಲ.”

ಸಾಹೇಬರು ತಟ್ಟನೆ ಕೇಳಿದರು: “ಅಳೆದ ಮರಗಳಲ್ಲಿ ಒಂದಾದರೂ ನಿಂತಿದೆಯೇನ್ರೀ?”

“ಹಳ್ಳದ ಸಾಲು ಅಂಗೇ ಐತೆ ಸ್ವಾಮಿ” ಎಂದ ಪಾಲಣ್ಣ. ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

ಎಲ್ಲರೂ ತೋಪಿಗೆ ಹೋದರು. ತೋಪೇನು ಬಂತು, ಬರೀ ಕೂಳೆ, ಆಚೆ ಒಂದು ಸಾಲು ಮರ. ಸಾಹೇಬರು ಯಾರ ಕೈಗೂ ಕೊಡದೆ ತಾವೇ ಉಕ್ಕಿನ ಟೇಪು ಬಿಚ್ಚಿ ಮೊದಲ ಮರಕ್ಕೆ ಸುತ್ತಿದರು. ತೊಗಟೆಯ ಮೇಲೆ ಡಾಂಬರಿನಲ್ಲಿ ಹದಿನೈದು ಎಂದಿತ್ತು. ಟೇಪು ಹದಿನಾಲ್ಕೂವರೆಯನ್ನೂ ಮುಟ್ಟಲಿಲ್ಲ. ಎರಡನೆಯದು, ಮೂರನೆಯದು, ಸಾಲಿನ ಕೊನೆಯವರೆಗೂ ಅದೇ ಕಥೆ.

ಸಾಹೇಬರು ಒಂದು ಕೂಳೆಯ ಮೇಲೆ ಕೂತು ಹಣೆ ಒರೆಸಿಕೊಂಡರು. “ಅಳೆದು ಆರು ತಿಂಗಳ ಮೇಲಾಯಿತು. ಅಷ್ಟೋ ಇಷ್ಟೋ ಮರ ದಪ್ಪವಾಗಬೇಕು. ಆಗದಿದ್ದರೆ ಇದ್ದಷ್ಟಾದರೂ ಇರಬೇಕು. ಇವು ಬರೆದಿದ್ದಕ್ಕಿಂತ ಸಣ್ಣಗಿವೆ! ನಿಂತ ಮರದ ಬೊಡ್ಡೆಯನ್ನು ಯಾವ ಕಳ್ಳ ಕೆತ್ತಿಕೊಂಡು ಹೋಗುತ್ತಾನೆ?” ಎಂದು ನಂದೀಶ್ವರಯ್ಯನವರನ್ನು ಕೇಳಿದರು. ಆಮೇಲೆ ಸಾಹೇಬರೇ ಲೆಕ್ಕ ಬಿಡಿಸಿ ಹೇಳಿದರು. ಸುತ್ತಳತೆಯಲ್ಲಿ ಅಂಗುಲ ಚಿಕ್ಕದಾಗಿ ಕಾಣುತ್ತದೆ. ಅದು ತೂಕಕ್ಕೆ ತಿರುಗಿದಾಗ ಹಿಗ್ಗಿಬಿಡುತ್ತದೆ. ಇಂಥ ತೆಳ್ಳನೆಯ ಮರಗಳಲ್ಲಿ ಒಂದೊಂದು ಅಂಗುಲ ಕೂಡಿದರೆ ಆರರಲ್ಲಿ ಒಂದು ಪಾಲು ಆಗಿಯೇ ಆಗುತ್ತದೆ. ಸೌದೆ ಕಳವಾಗಿರಲಿಲ್ಲ. ಅದು ಇರಲೇ ಇಲ್ಲ.

ಮಳೆಗಾಲಕ್ಕೆ ಮುಂಚೆ ಹುಕುಂ ಬಂತು. ಪಾಲಣ್ಣನಿಗೆ ಖಾಕಿ ವಾಪಸ್ಸು ಸಿಕ್ಕಿತು. ನಂದೀಶ್ವರಯ್ಯನವರನ್ನು ಪಾವಗಡದ ಕಡೆಗೆ ಎತ್ತಿಹಾಕಿದರು. ಖಲೀಲುಲ್ಲಾನಿಗೆ ಶಿಕ್ಷೆಯೇನೂ ಆಗಲಿಲ್ಲ. ಇಲಾಖೆಯ ಕೂಲಿಗೆ ಇನ್ನು ಬರಬೇಡ ಎಂದರು, ಅಷ್ಟೆ. ಶಿರಾದ ಹುಡುಗರು ಹೆಬ್ಬೆರಳು ತೋರಿಸಿ ನಗುತ್ತಿದ್ದರು. ನಗಲಿ ಎಂದುಕೊಂಡ. ಅವನ ಎದೆ ಹಗುರವಾಗಿತ್ತು.

ಒಂದು ಪೊಟ್ಟಣ ಬತ್ತಾಸು ಕಟ್ಟಿಸಿಕೊಂಡು ಪಾಲಣ್ಣನ ಹಟ್ಟಿಗೆ ಹೋದ. ಪಾಲಣ್ಣನ ಹೆಂಡತಿ ಆಂಜಿನಮ್ಮ ಓಡಿಬಂದು, “ಬಾ ಅಣ್ಣಯ್ಯ, ನೀನು ಬರ್ದಿದ್ರೆ ನಮ್ ಮನೆ ಮುಳುಗೋಗ್ತಿತ್ತು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಚಾಪೆ ಹಾಸಿದಳು. ಪಾಲಣ್ಣ ಜಗಲಿಯ ಮೇಲೆ ಕೂತು ಬೆಲ್ಟಿನ ಹಿತ್ತಾಳೆ ಉಜ್ಜುತ್ತಿದ್ದ. ಬಾ ಎಂದ. ಬತ್ತಾಸು ತೆಗೆದುಕೊಂಡು ಪಕ್ಕಕ್ಕಿಟ್ಟ. ಉಜ್ಜುವುದನ್ನು ಮುಂದುವರಿಸಿದ.

“ಕ್ವಾಪ ಹೋಗಿಲ್ವಾ ಪಾಲಣ್ಣ?” ಎಂದು ಖಲೀಲುಲ್ಲಾನೇ ಕೇಳಿದ. “ನನ್ ಬೆರಳಿಂದ ನಿಂಗೆ ಇಷ್ಟೆಲ್ಲ ಆಗೋಯ್ತು.”

“ನಿನ್ ಬೆರಳಿನ ಮ್ಯಾಲೆ ನಂಗ್ಯಾಕಣ್ಣ ಕ್ವಾಪ? ಕೈ ಕಲ್ತಿದ್ದು ಅದು ಮಾಡ್ತು. ಸರ್ಕಾರದ ಮ್ಯಾಲೂ ಇಲ್ಲ. ಅವ್ರಿಗೆ ನಾನ್ಯಾರು?” ಪಾಲಣ್ಣ ಬೆಲ್ಟು ಕೆಳಗಿಟ್ಟು ಮುಖ ನೋಡಿದ. “ಒಂದು ಮಾತು ಕೇಳ್ತೀನಿ, ದಿಟ ಹೇಳ್ಬುಡು. ಆವತ್ತು ಸಂತೇಲಿ ಕೂ‌ಗ್ದೆ. ನಾನು ಕದ್ದಿದೀನಿ ಅಂತ ನೀನೂ ಅಂದ್ಕಂಡಿದ್ದಾ?”

ಸಂತೆಯ ಗಲಾಟೆಯಲ್ಲಿ ಕೇಳಿಸಲಿಲ್ಲ ಕಣಪ್ಪ ಎಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಪಾಲಣ್ಣ ನಂಬುತ್ತಿದ್ದ. ನಂಬಲು ಕಾದು ಕೂತಿದ್ದ ಮುಖ ಅದು. ಖಲೀಲುಲ್ಲಾನಿಗೆ ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಆ ಮನುಷ್ಯನ ಎದುರು ಇನ್ನೊಂದು ಸುಳ್ಳು ಅಳತೆ ಕೊಡಲು ಅವನಿಂದಾಗಲಿಲ್ಲ.

“ಅಂದ್ಕಂಡಿದ್ದೆ” ಎಂದ.

ಪಾಲಣ್ಣ ತಲೆಯಾಡಿಸಿದ. ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೆಲ್ಟು ಬಿಗಿದುಕೊಂಡ, ಟೋಪಿ ಇಟ್ಟುಕೊಂಡ, ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡ. “ಆಂಜಿನಮ್ಮ, ಅಣ್ಣಂಗೆ ಇಟ್ಟು ಇಕ್ಕು. ಬಿಸಿಲಲ್ಲಿ ಬಂದವ್ನೆ” ಎಂದು ಒಳಗೆ ನೋಡಿ ಹೇಳಿ, ಹೊಸ ಸಸಿ ನೆಡುತ್ತಿದ್ದ ಹಳ್ಳದ ಕಡೆಗೆ ಹೊರಟುಹೋದ.

ಆಂಜಿನಮ್ಮ ರಾಗಿಮುದ್ದೆ, ಹುರುಳಿ ಸಾರು ಬಡಿಸಿದಳು. ಖಲೀಲುಲ್ಲಾ ಒಂದು ಚೂರೂ ಬಿಡದೆ ಉಂಡ. ಆ ಮನೆಯ ಅನ್ನ ಬಿಟ್ಟೇಳುವ ಮುಖ ಅವನಿಗಿರಲಿಲ್ಲ. ಕೈ ತೊಳೆದು ಜಗಲಿಯ ಮೇಲೆ ಹಳ್ಳದ ದಾರಿ ನೋಡುತ್ತಾ ಕೂತ. ಬಿಸಿಲು ಇಳಿಯಿತು, ದನ ಮನೆಗೆ ಬಂದವು. ಪಾಲಣ್ಣ ಬರಲಿಲ್ಲ. ಶಿರಾ ಬಸ್ಸಿನ ಹೊತ್ತಾಯಿತು ಎಂದು ಕೊನೆಗೆ ಆಂಜಿನಮ್ಮನೇ ಹೇಳಬೇಕಾಯಿತು.